ಕರೆಂಟ್ ಹೋದ ನಿಲ್ದಾಣಕ್ಕೆ ಹೋದ ಇಬ್ಬರು

(ಹಾಸನದಲ್ಲಿ ವಿಜ್ಞಾನ ಆಸಕ್ತರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತು ಇದು. ಮಾತಾಡುವಾಗ ಮರೆತುಹೋದ ಒಂದೆರಡು ವಿಷಯಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಶುರು ಮಾಡುವ ಮುಂಚೆಯೇ ಮೈಕ್ ಕೈಕೊಟ್ಟಿದ್ದನ್ನು ನೀವೇ ನೋಡಿದಿರಿ. ಮೈಕ್‌ನ ಹುಡುಗ ಬಂದು ಏನು ಮಾಡಿದ? ಆಫ್ ಮಾಡಿ ಆನ್ ಮಾಡಿದ. ಆಗಲಿಲ್ಲ. ವೈರ್ ಅಲ್ಲಾಡಿಸಿದ. ಬಂತು. ನಾನು ಮೂವತ್ತು ವರ್ಷ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡಿದವನು. ಆಫ್ ಮಾಡಿ ಆನ್ ಮಾಡುವುದೇನು ವಿದ್ಯೆನಪ್ಪಾ ಅಂತ ಹುಡುಗರಿಗೆ ಬೈಯುತ್ತಿದ್ದೆ. ಮನೆಗೆ ಹೋಗಿ ನಾನೂ ಅದನ್ನೇ ಮಾಡುತ್ತಿದ್ದೆ. ಇವತ್ತಿನ ಕಥೆಯೂ ಹಾಗೆ ‘ಇನ್ನೊಂದು ಸಲ ಆನ್ ಮಾಡಿ ನೋಡೋಣ’ ಅನ್ನುವಲ್ಲಿಂದಲೇ ಶುರುವಾಗುತ್ತದೆ. ಆದರೆ ಆ ಯಂತ್ರ ಇದ್ದದ್ದು ಭೂಮಿಯಿಂದ ಮುನ್ನೂರು ಕಿಲೋಮೀಟರಿಗೂ ಜಾಸ್ತಿ ಎತ್ತರದಲ್ಲಿ. ವೈರ್ ಅಲ್ಲಾಡಿಸುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ.

ಯಂತ್ರದ ಹೆಸರು ಸಲ್ಯೂತ್-7. ಸೋವಿಯತ್ ಒಕ್ಕೂಟದ ಬಾಹ್ಯಾಕಾಶ ನಿಲ್ದಾಣ. 1982ರ ಏಪ್ರಿಲ್ 19ರಂದು ಮೇಲೆ ಹೋಯಿತು. ಸುಮಾರು 16 ಮೀಟರ್ ಉದ್ದ, 19 ಟನ್ ತೂಕ. ಒಂದು ದೊಡ್ಡ ಬಸ್ಸಿಗಿಂತ ಸ್ವಲ್ಪ ಉದ್ದ ಅಂದುಕೊಳ್ಳಿ. ಹೆಸರು ಹೊಸದು ಅನ್ನಿಸಿದರೂ ಇದು ನಮಗೆ ಪರಿಚಯದ ಮನೆಯೇ. 1984ರ ಏಪ್ರಿಲ್ 3ರಂದು ಸೊಯುಜ್ ಟಿ-11 ನೌಕೆಯಲ್ಲಿ ಹೊರಟ ರಾಕೇಶ್ ಶರ್ಮಾ ಹೋಗಿ ಉಳಿದದ್ದು ಇಲ್ಲೇ. ಪ್ರಧಾನಿಯ ಜೊತೆ ಅವರು ಆಡಿದ ಮಾತು ನಿಮಗೆಲ್ಲ ಬಾಯಿಪಾಠ, ಮತ್ತೆ ಹೇಳುವುದಿಲ್ಲ. ಅವರ ಜೊತೆ ಹೋದ ಊಟದ ವಿಷಯ ಅಷ್ಟು ಜನಕ್ಕೆ ಗೊತ್ತಿಲ್ಲ. ಅದನ್ನು ತಯಾರು ಮಾಡಿದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. ಸೂಜಿ ಹಲ್ವ, ಆಲೂ ಛೋಲೆ, ವೆಜ್ ಪಲಾವ್. ಸೂಜಿ ಹಲ್ವ ಅಂದರೆ ನಮ್ಮ ಕೇಸರಿಬಾತಿನ ಅಣ್ಣತಮ್ಮ. ಮೈಸೂರಿನ ಅಡುಗೆ ಉಂಡ ಮನೆ ಅಂದಮೇಲೆ ಅದರ ಕಷ್ಟಸುಖ ವಿಚಾರಿಸುವ ಹಕ್ಕು ನಮಗಿದೆ, ಅಲ್ವಾ?

ಆ ವರ್ಷ ನಿಲ್ದಾಣದಲ್ಲಿ ಮನೆಯವರ ಹಾಗೆ ಇದ್ದವರು ಮೂವರು: ಕಿಜಿಮ್, ಸೊಲೊವ್ಯೋವ್, ಮತ್ತು ಡಾಕ್ಟರ್ ಆತ್ಕೊವ್. ರಾಕೇಶ್ ಶರ್ಮಾ ಬಂದದ್ದು ಅವರ ಮನೆಗೆ ನೆಂಟರಾಗಿ. ಮೂವರೂ ಸುಮಾರು 237 ದಿನ ಅಲ್ಲಿದ್ದು ಅಕ್ಟೋಬರ್ 2ರಂದು ಇಳಿದರು. ಮುಂದಿನ ತಂಡ ಬರುವವರೆಗೆ ಮನೆಗೆ ಬೀಗ. ದೀಪ ಆರಿಸಿ, ಫ್ರಿಜ್ ಖಾಲಿ ಮಾಡಿ ಊರಿಗೆ ಹೋದ ಹಾಗೆ. ನಿಲ್ದಾಣ ತನ್ನಷ್ಟಕ್ಕೆ ಸುತ್ತುತ್ತಿತ್ತು. ಮಾಸ್ಕೋ ಪಕ್ಕದ ನಿಯಂತ್ರಣ ಕೇಂದ್ರದವರು ರೇಡಿಯೋ ಮೂಲಕ ಆಗಾಗ ವಿಚಾರಿಸಿಕೊಳ್ಳುತ್ತಿದ್ದರು.

1985ರ ಫೆಬ್ರವರಿ 11. ನಿಲ್ದಾಣದ ಮುಖ್ಯ ರೇಡಿಯೋ ಟ್ರಾನ್ಸ್‌ಮಿಟರ್‌ನಲ್ಲಿ ಕರೆಂಟ್ ಒಮ್ಮೆಲೇ ಜಾಸ್ತಿ ಹರಿಯಿತು. ರಕ್ಷಣೆಗೆ ಇದ್ದ ವ್ಯವಸ್ಥೆ ತನ್ನ ಕೆಲಸ ತಾನು ಮಾಡಿತು, ಅದನ್ನು ಆಫ್ ಮಾಡಿತು. ನಮ್ಮ ಮನೆಯಲ್ಲಿ ಎಂಸಿಬಿ ಟ್ರಿಪ್ ಆಗುತ್ತದಲ್ಲ, ಹಾಗೆ. ಬದಲಿ ಟ್ರಾನ್ಸ್‌ಮಿಟರ್ ಇತ್ತು, ಕೆಲಸ ನಡೆಯುತ್ತಿತ್ತು. ಅಲ್ಲಿಗೇ ಬಿಟ್ಟಿದ್ದರೆ ಈ ಉಪನ್ಯಾಸ ಇರುತ್ತಿರಲಿಲ್ಲ. ಕೆಳಗಿದ್ದವರು ‘ಹಳೆಯದನ್ನೇ ಮತ್ತೊಮ್ಮೆ ಹಾಕಿ ನೋಡೋಣ’ ಅಂದುಕೊಂಡರು. ಆಜ್ಞೆ ಹೋಯಿತು. ಟ್ರಾನ್ಸ್‌ಮಿಟರ್ ಆನ್ ಆಯಿತು. ಒಂದರ ಹಿಂದೆ ಒಂದು ಸರ್ಕ್ಯೂಟ್ ಶಾರ್ಟ್ ಆಗಿ, ಕಳಿಸುವ ರೇಡಿಯೋ, ಕೇಳಿಸಿಕೊಳ್ಳುವ ರೇಡಿಯೋ ಎರಡೂ ಹೋದವು. ನಿಲ್ದಾಣ ಮೂಕವಾಯಿತು, ಕಿವುಡೂ ಆಯಿತು.

ಟ್ರಿಪ್ ಆದ ಎಂಸಿಬಿಯನ್ನು ಕಾರಣ ಹುಡುಕದೆ ಮತ್ತೆ ಎತ್ತಬೇಡಿ. ಇದನ್ನು ಮೂವತ್ತು ವರ್ಷ ಹೇಳಿದ್ದೇನೆ. ಯಾರೂ ಕೇಳಿಲ್ಲ.

ಇನ್ನು ಎರಡನೆಯ ಕಾಯಿಲೆ. ಇದು ರೇಡಿಯೋ ಕೆಟ್ಟದ್ದಕ್ಕೆ ಸಂಬಂಧವೇ ಇಲ್ಲದ್ದು, ಮತ್ತು ಆಗ ಯಾರಿಗೂ ಗೊತ್ತಾಗದೇ ಇದ್ದದ್ದು. ನಿಲ್ದಾಣ ಒಂದು ಸುತ್ತು ಹಾಕುವುದಕ್ಕೆ ಸುಮಾರು 90 ನಿಮಿಷ ಬೇಕು. ಅದರಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಯ ಮೇಲೆ ಕತ್ತಲೆ. ಬಿಸಿಲಿದ್ದಾಗ ಸೋಲಾರ್ ಪ್ಯಾನೆಲ್‌ಗಳಿಂದ ಬ್ಯಾಟರಿ ಚಾರ್ಜ್ ಆಗಬೇಕು, ಕತ್ತಲೆಯಲ್ಲಿ ಬ್ಯಾಟರಿ ನಡೆಸಬೇಕು. ಬ್ಯಾಟರಿ ತುಂಬಿದಾಗ ‘ಸಾಕು’ ಅಂತ ಹೇಳಿ ಚಾರ್ಜ್ ನಿಲ್ಲಿಸುವುದಕ್ಕೆ ಒಂದು ಸೆನ್ಸರ್. ಆ ಸೆನ್ಸರ್ ಕೆಟ್ಟಿತು. ಸುಮ್ನೆ ಕೆಟ್ಟಿದ್ದರೂ ಆಗುತ್ತಿತ್ತು, ಅದು ಕೆಟ್ಟದ್ದು ‘ಸಾಕು’ ಅನ್ನುವ ಸ್ಥಿತಿಯಲ್ಲಿ. ಹೊಟ್ಟೆ ಹಸಿದು ಸಾಯುತ್ತಿರುವವನ ಎಲೆಗೆ ಕೈ ಅಡ್ಡ ಹಿಡಿದು ‘ಸಾಕು ಸಾಕು, ಹೊಟ್ಟೆ ತುಂಬಿದೆ’ ಅಂದ ಹಾಗೆ. ಹೊರಗೆ ಬೇಕಾದಷ್ಟು ಬಿಸಿಲು. ಒಳಗೆ ಬ್ಯಾಟರಿಗಳು ಒಂದೊಂದಾಗಿ ಬರಿದಾದವು.

ರೇಡಿಯೋ ಇದ್ದಿದ್ದರೆ ಕೆಳಗಿನಿಂದ ಒಂದು ಆಜ್ಞೆ ಕಳಿಸಿ ಆ ಸೆನ್ಸರ್ ಮಾತು ಕೇಳಬೇಡ ಅನ್ನಬಹುದಿತ್ತು. ಸೆನ್ಸರ್ ಸರಿ ಇದ್ದಿದ್ದರೆ ರೇಡಿಯೋ ಇಲ್ಲದೆಯೂ ಮನೆ ಬೆಚ್ಚಗಿರುತ್ತಿತ್ತು. ಎರಡೂ ಒಟ್ಟಿಗೆ ಬಂದವು.

ಮಾರ್ಚ್ 1ರ ಪ್ರಾವ್ದಾ ಪತ್ರಿಕೆಯಲ್ಲಿ ಸಣ್ಣ ಸುದ್ದಿ ಬಂತು. ಸಲ್ಯೂತ್-7ರ ಯೋಜಿತ ಕಾರ್ಯಕ್ರಮ ಪೂರ್ತಿಯಾಗಿದೆ, ನಿಲ್ದಾಣ ಈಗ ತನ್ನಷ್ಟಕ್ಕೆ ಹಾರುತ್ತಿದೆ ಅನ್ನುವ ಅರ್ಥದ್ದು. ಸರ್ಕಾರಿ ಭಾಷೆ ಎಲ್ಲ ದೇಶದಲ್ಲೂ ಒಂದೇ.

ಇಲ್ಲಿ ಹಾಸನದವರಿಗೆ ಒಂದು ಮಾತು ಹೇಳಬೇಕು. ಸಲ್ಯೂತ್-7 ಹೋಗುವುದಕ್ಕೆ ಒಂಬತ್ತು ದಿನ ಮುಂಚೆ, 1982ರ ಏಪ್ರಿಲ್ 10ರಂದು, ನಮ್ಮ ಇನ್ಸಾಟ್-1ಎ ಮೇಲೆ ಹೋಯಿತು. ಅದನ್ನು ನೋಡಿಕೊಳ್ಳುವುದಕ್ಕೆಂದೇ ಇಲ್ಲಿ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಕಟ್ಟಿದ್ದು. ಅದೇ ಸೆಪ್ಟೆಂಬರ್ ಹೊತ್ತಿಗೆ ಆ ಉಪಗ್ರಹದಲ್ಲಿ ದಿಕ್ಕು ಸರಿಮಾಡಿಕೊಳ್ಳುವ ಇಂಧನ ಮುಗಿದುಹೋಯಿತು. ಅಲ್ಲಿಗೆ ಮುಗಿಯಿತು. 36 ಸಾವಿರ ಕಿಲೋಮೀಟರ್ ದೂರಕ್ಕೆ ಹೋಗಿ ಇಂಧನ ತುಂಬಿ ಬರುವವರು ಯಾರು? ಮೇಲೆ ಹೋದದ್ದು ಕೆಟ್ಟರೆ ಕೆಟ್ಟ ಹಾಗೆಯೇ. ಸಲ್ಯೂತ್ ಹಾಗಲ್ಲ, ಅದು ಮನುಷ್ಯರು ಹೋಗಬಹುದಾದ ದೂರದಲ್ಲಿತ್ತು. ಬಾಗಿಲೂ ಇತ್ತು.

ಬಿಟ್ಟುಬಿಡಬಹುದಿತ್ತಲ್ಲ ಅಂತ ಕೇಳುತ್ತೀರಿ. ಹೊಸ ನಿಲ್ದಾಣ ಮಿರ್ ತಯಾರಾಗುತ್ತಿತ್ತು, ಆದರೆ ಅದು ಮೇಲೆ ಹೋದದ್ದು 1986ರ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ಕೈಯಲ್ಲಿ ಬೇರೆ ಮನೆ ಇಲ್ಲ. ಮೇಲಾಗಿ 19 ಟನ್ನಿನ ವಸ್ತು ಹಿಡಿತ ತಪ್ಪಿ ಒಂದಲ್ಲ ಒಂದು ದಿನ ಎಲ್ಲೋ ಬೀಳುತ್ತದೆ. 1979ರ ಜುಲೈನಲ್ಲಿ ಅಮೆರಿಕದ ಸ್ಕೈಲ್ಯಾಬ್ ಬೀಳುವಾಗ ಏನಾಯಿತು ಅಂತ ಇಲ್ಲಿರುವ ಹಿರಿಯರಿಗೆ ನೆನಪಿರಬೇಕು. ತುಂಡು ಬಿದ್ದದ್ದು ಆಸ್ಟ್ರೇಲಿಯಾದಲ್ಲಿ, ಹೆದರಿದ್ದು ನಾವು. ನಮ್ಮ ಅಜ್ಜಿ ‘ಹೆಂಗೂ ತಲೆ ಮೇಲೆ ಬೀಳುತ್ತೆ, ತಿಂದುಕೊಂಡಾದ್ರೂ ಇರೋಣ’ ಅಂತ ಒಬ್ಬಟ್ಟು ಮಾಡಿಸಿದ್ದರು. ನನಗಂತೂ ಸ್ಕೈಲ್ಯಾಬ್ ಬಗ್ಗೆ ಒಳ್ಳೆಯ ಅಭಿಪ್ರಾಯವೇ ಇದೆ.

ಸರಿ, ಹೋಗಿ ರಿಪೇರಿ ಮಾಡುವುದು ಅಂತ ತೀರ್ಮಾನವಾಯಿತು. ಯಾರು?

ಕಮಾಂಡರ್ ವ್ಲಾದಿಮಿರ್ ಜಾನಿಬೆಕೊವ್. ನಲವತ್ತಮೂರು ವರ್ಷ. ಅದಾಗಲೇ ನಾಲ್ಕು ಸಲ ಬಾಹ್ಯಾಕಾಶಕ್ಕೆ ಹೋಗಿಬಂದವರು. ಬಿಡುವಿನಲ್ಲಿ ಚಿತ್ರ ಬರೆಯುತ್ತಿದ್ದರು. 1982ರಲ್ಲಿ ಫ್ರಾನ್ಸಿನ ಕ್ರೆತ್ಯಾಂ ಜೊತೆ ಇದೇ ಸಲ್ಯೂತ್-7ಕ್ಕೆ ಹೋಗುವಾಗ ತಾನಾಗಿ ಜೋಡಿಸುವ ವ್ಯವಸ್ಥೆ ಕೈಕೊಟ್ಟಿತ್ತು, ಇವರು ಕೈಯಿಂದಲೇ ನಡೆಸಿ ನೌಕೆಯನ್ನು ಜೋಡಿಸಿದ್ದರು. ಎರಡನೆಯವರು ಫ್ಲೈಟ್ ಎಂಜಿನಿಯರ್ ವಿಕ್ತೊರ್ ಸವಿನಿಖ್, ನಲವತ್ತೈದು ವರ್ಷ. ರೈಲ್ವೆ ತಾಂತ್ರಿಕ ಶಾಲೆಯಲ್ಲಿ ಓದಿ, ರೈಲು ಹಳಿಯ ಕೆಲಸ ಮಾಡಿ, ಆಮೇಲೆ ದೃಷ್ಟಿಯ ಉಪಕರಣಗಳ ಎಂಜಿನಿಯರ್ ಆದವರು. 1981ರಲ್ಲಿ ಮೊದಲ ಸಲ ಹಾರಿದಾಗ ಬಾಹ್ಯಾಕಾಶಕ್ಕೆ ಹೋದ ನೂರನೆಯ ಮನುಷ್ಯ. ಒಬ್ಬರು ಡ್ರೈವರ್, ಒಬ್ಬರು ಮೆಕ್ಯಾನಿಕ್. ನಮ್ಮ ಊರಿನ ಲಾರಿಗಳಲ್ಲೂ ಹೀಗೇ ಹೋಗುತ್ತಿದ್ದರು.

ನೌಕೆ ಸೊಯುಜ್ ಟಿ-13. ಮೂರನೆಯ ಸೀಟು ಕಿತ್ತು ಹಾಕಿದರು. ತಾನಾಗಿ ಜೋಡಿಸುವ ಯಂತ್ರವನ್ನೂ ಕಿತ್ತು ಹಾಕಿದರು. ಅದು ಎರಡು ಕಡೆಯಿಂದ ಮಾತಾಡಿಕೊಂಡು ಕೆಲಸ ಮಾಡುವ ಯಂತ್ರ. ಆ ಕಡೆಯವರು ಫೋನ್ ಎತ್ತದಿದ್ದರೆ ಈ ಕಡೆಯ ಫೋನ್ ಇದ್ದು ಏನು? ಉಳಿದ ಜಾಗಕ್ಕೆ ಜಾಸ್ತಿ ಇಂಧನ, ಜಾಸ್ತಿ ನೀರು. ಪಕ್ಕದ ಕಿಟಕಿಯ ಹತ್ತಿರ ಕೈಯಿಂದ ನಡೆಸುವ ಹಿಡಿಕೆಗಳು. ದೂರ ಅಳೆಯುವುದಕ್ಕೆ ಲೇಸರ್ ಯಂತ್ರ. ಕತ್ತಲೆಯಲ್ಲಿ ನೋಡುವುದಕ್ಕೆ ನೈಟ್ ವಿಷನ್ ದುರ್ಬೀನು. ಇಷ್ಟನ್ನು ಕಟ್ಟಿಕೊಂಡು 1985ರ ಜೂನ್ 6ರಂದು ಬೈಕನೂರಿನಿಂದ ಹೊರಟರು.

ಹುಡುಕುವುದು ಹೇಗೆ? ಸಾಮಾನ್ಯವಾಗಿ ನಿಲ್ದಾಣವೇ ‘ನಾನಿಲ್ಲಿದ್ದೇನೆ’ ಅಂತ ಸಿಗ್ನಲ್ ಕೊಡುತ್ತದೆ. ಬರುವ ನೌಕೆಯ ಕಡೆ ತಿರುಗಿ ಬಾಗಿಲು ತೋರಿಸುತ್ತದೆ. ಸತ್ತ ನಿಲ್ದಾಣ ಎರಡನ್ನೂ ಮಾಡುವುದಿಲ್ಲ. ಕ್ಷಿಪಣಿ ರಕ್ಷಣೆಗೆ ಇದ್ದ ಮಿಲಿಟರಿ ರಾಡಾರುಗಳಿಂದ ಅದು ಎಲ್ಲಿದೆ ಅಂತ ಅಳೆದು, ಕೆಳಗಿನಿಂದ ಲೆಕ್ಕ ಹಾಕಿ ಇವರಿಗೆ ಹೇಳುತ್ತಿದ್ದರು.

ಇಲ್ಲಿ ಒಂದು ನಿಮಿಷ ನಿಲ್ಲೋಣ, ಏಕೆಂದರೆ ನನ್ನ ವಿದ್ಯಾರ್ಥಿಗಳು ಯಾವಾಗಲೂ ಎಡವುತ್ತಿದ್ದ ಜಾಗ ಇದು. ಎರಡೂ ಗಂಟೆಗೆ ಸುಮಾರು 28 ಸಾವಿರ ಕಿಲೋಮೀಟರ್ ವೇಗದಲ್ಲಿ ಓಡುತ್ತಿವೆ. ಅದು ದೊಡ್ಡ ವಿಷಯವಲ್ಲ. ಬಿ.ಎಂ. ರಸ್ತೆಯಲ್ಲಿ ಎರಡು ಬಸ್ಸು ಒಂದೇ ವೇಗದಲ್ಲಿ ಪಕ್ಕಪಕ್ಕ ಹೋದರೆ ಈ ಕಿಟಕಿಯಿಂದ ಆ ಕಿಟಕಿಗೆ ಕಡಲೆಕಾಯಿ ಕೊಡಬಹುದು. ಕಷ್ಟ ಇರುವುದು ಬೇರೆ ಕಡೆ. ಕಕ್ಷೆಯಲ್ಲಿ ಮುಂದೆ ಇರುವುದನ್ನು ಹಿಡಿಯಬೇಕು ಅಂತ ಆಕ್ಸಿಲರೇಟರ್ ಒತ್ತಿದರೆ ನೀವು ಮೇಲಕ್ಕೆ ಏರುತ್ತೀರಿ, ಅಲ್ಲಿ ದಾರಿ ದೊಡ್ಡದು, ವೇಗ ಕಡಿಮೆ, ಕಡೆಗೆ ಹಿಂದೆ ಬೀಳುತ್ತೀರಿ. ಹಿಡಿಯಬೇಕಾದರೆ ಬ್ರೇಕ್ ಹಾಕಿ ಕೆಳಗಿಳಿದು ಒಳದಾರಿಯಲ್ಲಿ ಹೋಗಬೇಕು. ದೂರದಲ್ಲಿದ್ದಾಗ ಈ ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ. ತೀರ ಹತ್ತಿರ ಬಂದ ಮೇಲೆ ಬಸ್ಸಿನ ಲೆಕ್ಕವೇ ಸಾಕು. ಆ ಮಧ್ಯದ ಕೆಲವು ಕಿಲೋಮೀಟರ್ ಇದೆಯಲ್ಲ, ಅದನ್ನು ಮನುಷ್ಯನ ಕಣ್ಣು ಮತ್ತು ಕೈಗಳೇ ನಿಭಾಯಿಸಬೇಕಿತ್ತು.

ಜೂನ್ 8. ನೌಕೆಯನ್ನು ಪಕ್ಕಕ್ಕೆ ತಿರುಗಿಸಿದ್ದರು, ನಿಲ್ದಾಣ ಪಕ್ಕದ ಕಿಟಕಿಯಲ್ಲಿ ಕಾಣಲಿ ಅಂತ. ಮೊದಲು ಒಂದು ಚುಕ್ಕೆ. ಬಿಸಿಲಿಗೆ ಫಳಫಳ ಹೊಳೆಯುವ ಚುಕ್ಕೆ. ಸವಿನಿಖ್ ಲೇಸರ್ ಹಿಡಿದು ದೂರ ಹೇಳುತ್ತಿದ್ದರು, ಜಾನಿಬೆಕೊವ್ ಕಿಟಕಿಯಲ್ಲಿ ನೋಡುತ್ತಾ ಹಿಡಿಕೆ ಅಲುಗಿಸುತ್ತಿದ್ದರು. ಹತ್ತಿರ ಹತ್ತಿರ ಬಂದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಸೋಲಾರ್ ಪ್ಯಾನೆಲ್‌ಗಳು ಒಂದಕ್ಕೊಂದು ಸಮನಾಗಿಲ್ಲ, ಒಂದೊಂದು ಒಂದೊಂದು ಕಡೆ ತಿರುಗಿವೆ. ಅಂದರೆ ಅವುಗಳನ್ನು ಸೂರ್ಯನ ಕಡೆ ತಿರುಗಿಸುವ ವ್ಯವಸ್ಥೆ ನಿಂತಿದೆ. ಅಂದರೆ ಒಳಗೆ ಕರೆಂಟ್ ಇಲ್ಲ. ಬರೀ ರೇಡಿಯೋ ಕೆಟ್ಟಿರಬಹುದು ಅನ್ನುವ ಆಸೆ ಅಲ್ಲಿಗೆ ಹೋಯಿತು.

200 ಮೀಟರ್ ದೂರದಲ್ಲಿ ನಿಂತರು. ಕೆಳಗಿನಿಂದ ಒಪ್ಪಿಗೆ ಬಂದ ಮೇಲೆ ಸುತ್ತು ಹಾಕಿ ಬಾಗಿಲಿನ ಕಡೆ ಬಂದು, ನೌಕೆಯನ್ನು ಸರಿಯಾಗಿ ತಿರುಗಿಸಿ, ಮೆಲ್ಲಗೆ ಸೇರಿಸಿದರು. ತನ್ನ ಕಡೆಯಿಂದ ಏನೂ ಸಹಾಯ ಮಾಡದ, ಸಿಗ್ನಲ್ ಕೊಡದ ನಿಲ್ದಾಣಕ್ಕೆ ಮನುಷ್ಯರು ಹೋಗಿ ಕೈಯಿಂದಲೇ ಜೋಡಿಸಿದ್ದು ಅದೇ ಮೊದಲು. ಈ ಯಾತ್ರೆಯ ಬಗ್ಗೆ ಬರೆಯುವವರೆಲ್ಲ ಈ ಭಾಗವನ್ನೇ ಹೊಗಳುತ್ತಾರೆ. ಹೊಗಳಲಿ. ನನಗೆ ಮಾತ್ರ ಮುಂದಿನದೇ ಇಷ್ಟ.

ಬಾಗಿಲು ತೆಗೆಯುವ ಮುಂಚೆ ಗಾಳಿ ಇದೆಯೋ ಇಲ್ಲವೋ ನೋಡಬೇಕು. ಎಲ್ಲಾದರೂ ತೂತು ಬಿದ್ದು ಗಾಳಿ ಹೋಗಿದ್ದರೆ ಕಥೆ ಮುಗಿದ ಹಾಗೆ. ಸಣ್ಣ ಕವಾಟ ತೆರೆದು ನೋಡಿದರು, ಗಾಳಿ ಇತ್ತು. ಅದರಲ್ಲಿ ವಿಷ ಇದೆಯೇ ಅಂತ ನೋಡಿದರು. ಆಮೇಲೆ ಗ್ಯಾಸ್ ಮಾಸ್ಕ್ ಹಾಕಿಕೊಂಡು, ಟಾರ್ಚ್ ಹಿಡಿದು ಒಳಗೆ ತೇಲಿದರು.

ಕಗ್ಗತ್ತಲೆ. ನಿಶ್ಶಬ್ದ. ಬಾಹ್ಯಾಕಾಶ ನಿಲ್ದಾಣ ಅಂದರೆ ಸದಾ ಫ್ಯಾನು, ಪಂಪುಗಳ ಗುಂಯ್ ಅನ್ನುವ ಸದ್ದು ಇರುವ ಜಾಗ. ಅದು ನಿಂತಿತ್ತು. ಗೋಡೆ, ಕೊಳವೆಗಳ ಮೇಲೆಲ್ಲ ಹಿಮ. ಉಗುಳಿದರೆ ಗೋಡೆಯ ಮೇಲೆ ಹೆಪ್ಪುಗಟ್ಟುತ್ತಿತ್ತು. ಉಗುಳಿ ನೋಡಿದ್ದೂ ಒಂದು ಪ್ರಯೋಗವೇ, ಕೆಳಗೆ ವರದಿ ಮಾಡಿದರು. ಮೇಜಿನ ಮೇಲೆ ಹಿಂದಿನ ತಂಡದವರು ಒಣ ಬ್ರೆಡ್ಡು ಮತ್ತು ಉಪ್ಪಿನ ಮಾತ್ರೆ ಅಂಟಿಸಿ ಹೋಗಿದ್ದರು. ಬಂದ ಅತಿಥಿಗೆ ರೊಟ್ಟಿ, ಉಪ್ಪು ಕೊಡುವುದು ರಷ್ಯಾದ ಸಂಪ್ರದಾಯ. ನಮ್ಮಲ್ಲಿ ಬೆಲ್ಲ, ನೀರು ಕೊಡುವ ಹಾಗೆ. ಮನೆ ಸತ್ತಿದ್ದರೂ ಉಪಚಾರ ಉಳಿದಿತ್ತು.

ಬಾಹ್ಯಾಕಾಶದಲ್ಲಿ ಬಿಸಿಲಿಗೇನು ಬರ, ಅಷ್ಟು ಚಳಿ ಏಕೆ ಅಂತ ಮೊನ್ನೆ ನನ್ನ ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ನಿಲ್ದಾಣಕ್ಕೆ ಹೊರಗಿನಿಂದ ಕಂಬಳಿ ಹೊದಿಸಿರುತ್ತಾರೆ, ಬಿಸಿಲಿನ ಬಿಸಿ ನೇರ ಒಳಗೆ ಬಾರದ ಹಾಗೆ. ಒಳಗೆ ಬೆಚ್ಚಗಿರುವುದು ಯಂತ್ರಗಳು ಓಡುವುದರಿಂದ, ಹೀಟರ್‌ಗಳಿಂದ. ಅವು ನಿಂತರೆ ಇರುವ ಬಿಸಿಯೆಲ್ಲ ನಿಧಾನಕ್ಕೆ ಹೊರಗೆ ಸೋರಿಹೋಗುತ್ತದೆ.

ಇಬ್ಬರಿಗೂ ಉಣ್ಣೆಯ ಟೋಪಿಗಳಿದ್ದವು. ಆ ಟೋಪಿ ಹಾಕಿಕೊಂಡ ಫೋಟೊಗಳನ್ನು ನೀವು ನೋಡಿರಬಹುದು. ಬಾಹ್ಯಾಕಾಶ ನಿಲ್ದಾಣದಲ್ಲಿ ಮಡಿಕೇರಿಯ ಚಳಿಗೆ ಕೂತ ಹಾಗೆ ಕೂತಿದ್ದಾರೆ.

ಈಗ ಬಂತು ನನಗೆ ಇಷ್ಟವಾದ ಭಾಗ. ಒಬ್ಬ ಲೈನ್‌ಮನ್ ತರಹ ಯೋಚನೆ ಮಾಡಿ. ನಿಮ್ಮ ಸೊಯುಜ್‌ನಲ್ಲಿ ಒಳ್ಳೆಯ ಬ್ಯಾಟರಿ ಇದೆ, ಪ್ಯಾನೆಲ್ ಇದೆ, ಎಲ್ಲ ಓಡುತ್ತಿದೆ. ಪಕ್ಕದಲ್ಲೇ ನಿಲ್ದಾಣದ ಬ್ಯಾಟರಿ ಸತ್ತುಬಿದ್ದಿದೆ. ಏನು ಮಾಡುತ್ತೀರಿ? ಕಾರ್ ಬ್ಯಾಟರಿ ಇಳಿದಾಗ ಪಕ್ಕದ ಕಾರಿನಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡುವುದಿಲ್ಲವೇ? ಸೊಯುಜ್‌ನಿಂದ ಒಂದು ವೈರ್ ಎಳೆದರೆ ಆಯಿತು!

ಅವರು ಅದನ್ನು ಮಾಡಲಿಲ್ಲ. ನಿಲ್ದಾಣ ಏಕೆ ಸತ್ತಿದೆ ಅಂತ ಇನ್ನೂ ಗೊತ್ತಿರಲಿಲ್ಲ. ಒಳಗೆ ಎಲ್ಲೋ ಶಾರ್ಟ್ ಇದ್ದರೆ, ವೈರ್ ತಾಗಿಸಿದ ಕ್ಷಣ ಸೊಯುಜ್‌ನ ವಿದ್ಯುತ್ ವ್ಯವಸ್ಥೆಯೂ ಹೋಗುತ್ತದೆ. ಆಮೇಲೆ ಎರಡು ಸತ್ತ ಯಂತ್ರ, ಒಳಗೆ ಇಬ್ಬರು, ವಾಪಸ್ ಬರುವುದಕ್ಕೆ ಗಾಡಿ ಇಲ್ಲ. ಫೆಬ್ರವರಿಯಲ್ಲಿ ಕೆಳಗೆ ಕೂತವರು ಕಾರಣ ತಿಳಿಯದೆ ಆನ್ ಮಾಡಿದ್ದರಿಂದ ತಾನೇ ಇಷ್ಟೆಲ್ಲ ಆಗಿದ್ದು? ಜೂನ್‌ನಲ್ಲಿ ಅದೇ ತಪ್ಪನ್ನು ಮತ್ತೆ ಮಾಡಲಿಲ್ಲ. ಕೈ ಹೊರಳಿಸಿದರೆ ಸಿಗುವ ಕರೆಂಟನ್ನು ಮುಟ್ಟದೆ ಚಳಿಯಲ್ಲಿ ಕೂತರಲ್ಲ, ನಾನು ಕೈಮುಗಿಯುವುದು ಅದಕ್ಕೆ. ಜೋಡಣೆ ಮಾಡಿದ್ದು ಕೈಚಳಕ, ಇದು ಬುದ್ಧಿ.

ಬದಲಿಗೆ ಅವರು ಮಾಡಿದ್ದು ಉದ್ದದ ದಾರಿ. ಮೊದಲು ನಿಲ್ದಾಣದ ಎಂಟು ಬ್ಯಾಟರಿಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದರು. ಎರಡು ಪೂರ್ತಿ ಹೋಗಿದ್ದವು. ಆರಕ್ಕೆ ಜೀವ ಬರಬಹುದು ಅನ್ನಿಸಿತು. ಈ ಆರನ್ನು ನಿಲ್ದಾಣದ ಸೋಲಾರ್ ಪ್ಯಾನೆಲ್‌ಗಳಿಗೇ ನೇರವಾಗಿ ಜೋಡಿಸಬೇಕು. ಆ ಸುಳ್ಳು ಹೇಳುವ ಸೆನ್ಸರು, ಅದರ ಹಿಂದಿನ ವ್ಯವಸ್ಥೆ ಎಲ್ಲವನ್ನೂ ಬದಿಗಿಟ್ಟು. ಅದಕ್ಕೆ ತಯಾರು ಕೇಬಲ್ ಇರಲಿಲ್ಲ. ಹುಡುಕಿ ತಂದ ವೈರ್‌ಗಳ ತುದಿ ಕೆರೆದು, ಬರಿಗೈಯಲ್ಲಿ ಹೆಣೆದು, ಟೇಪ್ ಸುತ್ತಿದರು. ಕೊರೆಯುವ ಚಳಿಯಲ್ಲಿ ಲೋಹ ಮುಟ್ಟಿದರೆ ಹೇಗಿರುತ್ತದೆ ಯೋಚನೆ ಮಾಡಿ. ಗ್ಲೌಸ್ ಹಾಕಿಕೊಂಡು ಸಣ್ಣ ವೈರ್ ಹೆಣೆಯುವುದಕ್ಕೆ ಆಗುವುದಿಲ್ಲ.

ಇಷ್ಟಾದರೂ ಪ್ಯಾನೆಲ್ ಮೇಲೆ ಬಿಸಿಲು ಬೀಳಬೇಕಲ್ಲ. ಪ್ಯಾನೆಲ್ ತಿರುಗಿಸುವ ಮೋಟಾರಿಗೆ ಕರೆಂಟ್ ಇಲ್ಲ. ಅದಕ್ಕೆ ಅವರು ಇಡೀ ಮನೆಯನ್ನೇ ತಿರುಗಿಸಿದರು. ಸೊಯುಜ್‌ನಲ್ಲಿ ಕೂತು, ಅದರ ಸಣ್ಣ ಎಂಜಿನ್‌ಗಳನ್ನು ಉರಿಸಿ, ಅಂಟಿಕೊಂಡಿರುವ ನಿಲ್ದಾಣದ ಜೊತೆಗೇ ತಿರುಗಿ, ಪ್ಯಾನೆಲ್‌ಗಳು ಸೂರ್ಯನ ಕಡೆ ಬರುವ ಹಾಗೆ ನೋಡಿಕೊಂಡರು. ಸಂಡಿಗೆಗೆ ಬಿಸಿಲು ಬೀಳಲಿ ಅಂತ ಸಂಡಿಗೆ ಸರಿಸದೆ ಮನೆಯನ್ನೇ ತಿರುಗಿಸಿದ ಹಾಗೆ. ಬ್ಯಾಟರಿಗಳು ಒಂದೊಂದಾಗಿ ಚಾರ್ಜ್ ಹಿಡಿದವು.

ಇದೆಲ್ಲ ನಡೆಯುವಾಗ ಇನ್ನೊಂದು ಕಷ್ಟ ಇತ್ತು, ಉಸಿರಿನದು. ನಾವು ಇಲ್ಲಿ ಉಸಿರು ಬಿಟ್ಟರೆ ಆ ಬೆಚ್ಚನೆಯ ಗಾಳಿ ಮೇಲಕ್ಕೆ ಹೋಗುತ್ತದೆ, ತಣ್ಣನೆಯ ಹೊಸ ಗಾಳಿ ಬರುತ್ತದೆ. ಭಾರವಿಲ್ಲದ ಜಾಗದಲ್ಲಿ ಮೇಲೆ, ಕೆಳಗೆ ಅನ್ನುವುದೇ ಇಲ್ಲ. ಬಿಟ್ಟ ಉಸಿರು ಮುಖದ ಸುತ್ತಲೇ ನಿಲ್ಲುತ್ತದೆ. ಅದಕ್ಕೇ ಅಲ್ಲಿ ಫ್ಯಾನ್ ಸದಾ ಓಡಬೇಕು, ಸೆಕೆಗಲ್ಲ. ಫ್ಯಾನ್ ಇಲ್ಲದೆ ಕೆಲಸ ಮಾಡಿದರೆ ಸ್ವಲ್ಪ ಹೊತ್ತಿಗೆ ತಲೆನೋವು, ಆಯಾಸ. ಹಾಗೇ ಬಿಟ್ಟರೆ ಪ್ರಜ್ಞೆ ತಪ್ಪುವುದು. ಹಾಗಾಗಿ ಒಬ್ಬರು ಕೆಲಸ ಮಾಡಬೇಕು, ಇನ್ನೊಬ್ಬರು ಅವರ ಮೇಲೆ ಕಣ್ಣಿಟ್ಟಿರಬೇಕು ಅನ್ನುವ ನಿಯಮ ಮಾಡಿದ್ದರು.

ಮತ್ತೆ ನೀರು. ನಿಲ್ದಾಣದ ಟ್ಯಾಂಕಿನ ನೀರೆಲ್ಲ ಗಡ್ಡೆ. ಸೊಯುಜ್‌ನಲ್ಲಿ ತಂದದ್ದು ಕೆಲವೇ ದಿನಕ್ಕೆ ಸಾಕು, ಅಳೆದು ಅಳೆದು ಕುಡಿಯುತ್ತಿದ್ದರು. ಅದು ಮುಗಿಯುವ ಒಳಗೆ ಟ್ಯಾಂಕ್ ಕರಗದಿದ್ದರೆ ವಾಪಸ್ ಹೊರಡಬೇಕು.

ಬ್ಯಾಟರಿಗೆ ಜೀವ ಬಂತು, ದೀಪ ಹತ್ತಿತು, ಫ್ಯಾನ್ ಓಡಿತು, ಹೀಟರ್ ಬಿಸಿಯಾಯಿತು, ನೀರೂ ಕರಗತೊಡಗಿತು. ಗೆದ್ದರು ಅಂದುಕೊಂಡಿರಾ? ಹಿಮವೂ ಕರಗಿತು. ಗೋಡೆಗಳ ಮೇಲೆ, ಫಲಕಗಳ ಹಿಂದೆ, ಪ್ರತಿ ಕನೆಕ್ಟರ್ ಸುತ್ತ ನೀರು. ಭಾರವಿಲ್ಲದ ನೀರು ಕೆಳಗೆ ಹರಿದು ಹೋಗುವುದಿಲ್ಲ, ಇದ್ದಲ್ಲೇ ಅಂಟಿಕೊಂಡು ಕೂರುತ್ತದೆ. ಕರೆಂಟ್ ಬಂದ ಮನೆಯಲ್ಲಿ ಎಲ್ಲ ಸ್ವಿಚ್‌ಬೋರ್ಡೂ ಒದ್ದೆ. ಕೈಗೆ ಸಿಕ್ಕ ಬಟ್ಟೆಗಳನ್ನೆಲ್ಲ ಒರೆಸುವ ಬಟ್ಟೆ ಮಾಡಿಕೊಂಡು ದಿನಗಟ್ಟಲೆ ಒರೆಸಿದರು. ಮಲೆನಾಡಿನ ಮಳೆಗಾಲ ಕಂಡವರಿಗೆ ಈ ಕೆಲಸ ವಿವರಿಸುವ ಅಗತ್ಯವಿಲ್ಲ.

ಜೂನ್ 23ರಂದು ಸಾಮಾನು ಸಾಗಿಸುವ ಪ್ರೊಗ್ರೆಸ್-24 ಬಂದು ತಾನಾಗಿಯೇ ಜೋಡಿಕೊಂಡಿತು. ನಿಲ್ದಾಣ ಮತ್ತೆ ಫೋನ್ ಎತ್ತಿ ಮಾತಾಡಿತು ಅಂತ ಅರ್ಥ. ನೀರು, ಇಂಧನ, ಹೊಸ ಬ್ಯಾಟರಿ ಎಲ್ಲ ಬಂತು.

ಆ ಸಾಮಾನು ಬಿಚ್ಚುವಾಗಲೇ, ಜೂನ್ 25ರಂದು, ಒಂದು ತಮಾಷೆ ನಡೆಯಿತು. ಪೆಟ್ಟಿಗೆಗಳನ್ನು ಎರಡು ಕಿವಿ ಇರುವ ನಟ್‌ಗಳಿಂದ ಬಿಗಿದಿದ್ದರು. ಜಾನಿಬೆಕೊವ್ ಒಂದು ನಟ್ಟನ್ನು ಬೆರಳಲ್ಲಿ ಚಿಮ್ಮಿದರು. ಅದು ಬೋಲ್ಟಿನಿಂದ ತಿರುಗುತ್ತಾ ಹೊರಬಂದು ಗಾಳಿಯಲ್ಲಿ ತೇಲಿತು. ಸ್ವಲ್ಪ ದೂರ ಹೋಗಿ ಇದ್ದಕ್ಕಿದ್ದ ಹಾಗೆ ಪಲ್ಟಿ ಹೊಡೆಯಿತು. ಯಾರೂ ಮುಟ್ಟಿಲ್ಲ. ಮತ್ತೆ ಸ್ವಲ್ಪ ದೂರ, ಮತ್ತೆ ಪಲ್ಟಿ. ಇದನ್ನು ಈಗ ಜಾನಿಬೆಕೊವ್ ಪರಿಣಾಮ ಅಂತಲೇ ಕರೆಯುತ್ತಾರೆ. ಗಣಿತದವರಿಗೆ ಮುಂಚೆಯೇ ಗೊತ್ತಿದ್ದ ವಿಷಯ, ಕಣ್ಣಿಗೆ ಹೀಗೆ ಬಿದ್ದಿರಲಿಲ್ಲ ಅಷ್ಟೆ. ಒಂದು ವಸ್ತುವನ್ನು ಮೂರು ಅಕ್ಷಗಳ ಸುತ್ತ ತಿರುಗಿಸಬಹುದು. ತಿರುಗಿಸುವುದಕ್ಕೆ ತೀರಾ ಸುಲಭವಾದ ಅಕ್ಷ, ತೀರಾ ಕಷ್ಟದ ಅಕ್ಷ, ಇವೆರಡರಲ್ಲಿ ನೆಟ್ಟಗೆ ತಿರುಗುತ್ತದೆ. ನಡುವಿನದರಲ್ಲಿ ಮಾತ್ರ ನಿಲ್ಲುವುದಿಲ್ಲ, ಪಲ್ಟಿ ಹೊಡೆಯುತ್ತದೆ.

(ಇಲ್ಲಿ ನಾನು ಒಂದು ಪುಸ್ತಕಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಮೂರು ರೀತಿ ಎಸೆದು ತೋರಿಸಿದೆ. ಮೂರನೆಯ ಸಲ ಪುಸ್ತಕ ಅಧ್ಯಕ್ಷರ ನೀರಿನ ಲೋಟದ ಮೇಲೆ ಬಿತ್ತು. ಪಲ್ಟಿಯಂತೂ ಹೊಡೆದಿತ್ತು. ನೀವು ಮನೆಯಲ್ಲಿ ಮಾಡುವುದಾದರೆ ಹಾಸಿಗೆ ಮೇಲೆ ಎಸೆಯಿರಿ.)

ಇದನ್ನು ನೋಡಿ ಭೂಮಿಯೂ ಒಂದು ದಿನ ಹೀಗೆ ಪಲ್ಟಿ ಹೊಡೆಯುತ್ತದೆ ಅಂತ ವಾಟ್ಸಾಪಿನಲ್ಲಿ ಆಗಾಗ ಬರುತ್ತದೆ. ಹೊಡೆಯುವುದಿಲ್ಲ. ಭೂಮಿ ನಡುವಿನ ಅಕ್ಷದಲ್ಲಿ ತಿರುಗುತ್ತಿಲ್ಲ, ಹೊಟ್ಟೆ ಉಬ್ಬಿದ ಗೋಳಕ್ಕೆ ಸಹಜವಾದ, ಗಟ್ಟಿಯಾದ ಅಕ್ಷದಲ್ಲೇ ತಿರುಗುತ್ತಿದೆ. ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

ಮುಂದಿನದನ್ನು ಬೇಗ ಹೇಳುತ್ತೇನೆ, ಹೊತ್ತಾಯಿತು. ಆಗಸ್ಟ್ 2ರಂದು ಇಬ್ಬರೂ ಹೊರಗೆ ಹೋಗಿ ಇನ್ನಷ್ಟು ಸೋಲಾರ್ ಪ್ಯಾನೆಲ್ ಕಟ್ಟಿದರು. ಸೆಪ್ಟೆಂಬರ್‌ನಲ್ಲಿ ಸೊಯುಜ್ ಟಿ-14ರಲ್ಲಿ ವಸ್ಯೂತಿನ್, ಗ್ರೆಚ್ಕೊ, ವೋಲ್ಕೊವ್ ಬಂದರು. ಜಾನಿಬೆಕೊವ್ 112 ದಿನ ಮುಗಿಸಿ ಗ್ರೆಚ್ಕೊ ಜೊತೆ ಸೆಪ್ಟೆಂಬರ್ 26ರಂದು ಇಳಿದರು. ಸವಿನಿಖ್ ಅಲ್ಲೇ ಉಳಿದರು. ಹೀಗೆ ಹಳಬರಲ್ಲಿ ಒಬ್ಬರು ಉಳಿದು ಹೊಸಬರಿಗೆ ಮನೆ ತೋರಿಸಿಕೊಡುವ ಪದ್ಧತಿ ಅಲ್ಲಿಂದಲೇ ಶುರು. ವಸ್ಯೂತಿನ್‌ಗೆ ಆರೋಗ್ಯ ಕೆಟ್ಟದ್ದರಿಂದ ನವೆಂಬರ್ 21ಕ್ಕೆ ಉಳಿದ ಮೂವರೂ ಬೇಗನೆ ಇಳಿಯಬೇಕಾಯಿತು.

ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಕೊನೆಗೆ ಆ ನಿಲ್ದಾಣ ಏನಾಯಿತು ಅಂತ ಒಬ್ಬರು ಕೇಳಿದರು. 1986ರ ಮೇ ತಿಂಗಳಲ್ಲಿ ಕಿಜಿಮ್, ಸೊಲೊವ್ಯೋವ್ ಹೊಸ ನಿಲ್ದಾಣ ಮಿರ್‌ನಿಂದ ಇಲ್ಲಿಗೆ ಬಂದು, ಉಳಿದ ಕೆಲಸ ಮುಗಿಸಿ, ಬೇಕಾದ ಉಪಕರಣಗಳನ್ನು ಕಟ್ಟಿಕೊಂಡು ಮತ್ತೆ ಮಿರ್‌ಗೆ ಹೋದರು. ಮನೆ ಖಾಲಿ ಮಾಡುವಾಗ ಫ್ಯಾನ್, ಬಲ್ಬು ಬಿಚ್ಚಿಕೊಂಡು ಹೋಗುವ ಹಾಗೆ. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗಿ ವಾಪಸ್ ಬಂದವರು ಇವತ್ತಿಗೂ ಅವರಿಬ್ಬರೇ. ಆಮೇಲೆ ಸಲ್ಯೂತ್-7ನ್ನು ಇನ್ನೂ ಎತ್ತರದ ಕಕ್ಷೆಗೆ ಏರಿಸಿ ಇಟ್ಟರು, ತುಂಬಾ ವರ್ಷ ಇರಲಿ ಅಂತ. ಆದರೆ ಸೂರ್ಯನ ಚಟುವಟಿಕೆ ಜಾಸ್ತಿಯಾಗಿ ಮೇಲಿನ ವಾತಾವರಣ ಉಬ್ಬಿತು, ಅದರ ತಿಕ್ಕಾಟಕ್ಕೆ ನಿಲ್ದಾಣ ಬೇಗ ಇಳಿಯಿತು. 1991ರ ಫೆಬ್ರವರಿ 7ರಂದು ಅರ್ಜೆಂಟೀನಾದ ಮೇಲೆ ಉರಿದು ಚೂರುಚೂರಾಗಿ ಬಿತ್ತು.

ಇನ್ನೊಂದು ಪ್ರಶ್ನೆ ಹಿಂದಿನ ಸಾಲಿನಲ್ಲಿ ಕೂತಿದ್ದ ಏಳನೇ ಕ್ಲಾಸಿನ ಹುಡುಗನದು. ‘ಸರ್, ಅಷ್ಟು ಚಳಿಯಲ್ಲಿ ಬಿಸಿ ಏನೂ ಕುಡೀಲಿಲ್ವಾ?’ ಕುಡಿದರು ಮರಿ. ನೀರು ಕಾಯಿಸುವ ಹೀಟರ್ ಕೆಟ್ಟಿತ್ತು. ಫೋಟೊ ತೆಗೆಯುವುದಕ್ಕೆ ಒಂದು ದೊಡ್ಡ ದೀಪ ಇತ್ತು, ಅದನ್ನು ಹಚ್ಚಿ ಅದರ ಬಿಸಿಗೆ ನೀರಿನ ಚೀಲ ಹಿಡಿದು ಟೀ ಮಾಡಿಕೊಂಡರು.

ಇಷ್ಟು ಹೇಳುವ ಹೊತ್ತಿಗೆ ನಮ್ಮ ಟೀಯೂ ಬಂತು. ಮೈಕ್ ಮತ್ತೆ ಹೋಗಿತ್ತು, ಯಾರೂ ಗಮನಿಸಿರಲಿಲ್ಲ.